ಪರದೇಶದ ಮನೆಗೆ ಗೆಳೆಯರು ಬಂದಾಗ: ಆತಿಥ್ಯವನ್ನೂ ಕಿರು ನಗರ ಪ್ರವಾಸವನ್ನೂ ಹೊಂದಿಸಿಕೊಳ್ಳುವ ಬಗೆ

ಉದ್ಯೋಗಕ್ಕಾಗಿಯೋ ವ್ಯಾಸಂಗಕ್ಕಾಗಿಯೋ ಪರದೇಶದಲ್ಲಿ ನೆಲೆಸಿದವರ ಬಳಿಗೆ ಹಳೆಯ ಗೆಳೆಯರು ಬರುತ್ತೇವೆಂದು ತಿಳಿಸಿದಾಗ, ಸಾಮಾನ್ಯವಾಗಿ ಮೊದಲು ಸಿದ್ಧವಾಗುವುದು ತೋರಿಸಬೇಕಾದ ಸ್ಥಳಗಳ ಪಟ್ಟಿ. ಆದರೆ ಆ ಪಟ್ಟಿಗಿಂತ ಮುಂಚೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಸಂಗತಿಯೊಂದಿದೆ. ಒಂದೇ ಮನೆಯಲ್ಲಿ ಉಂಡು, ಒಂದೇ ರೈಲಿನಲ್ಲಿ ಕುಳಿತು, ಒಂದೇ ನಗರವನ್ನು ನೋಡಲು ಹೊರಟರೂ ನೀವು ಮತ್ತು ನಿಮ್ಮ ಗೆಳೆಯರು ನಿಯಮಗಳ ಪ್ರಕಾರ ಬೇರೆ ಬೇರೆ ವರ್ಗಕ್ಕೆ ಸೇರಿದವರು. ನೀವು ಅಲ್ಲಿನ ನಿವಾಸಿ, ಅವರು ಸಂದರ್ಶಕರು. ಗಡಿ ದಾಟುವ ಹಕ್ಕು, ರೈಲಿನ ಪಾಸು, ವಸ್ತುಸಂಗ್ರಹಾಲಯದ ಟಿಕೆಟ್ಟು, ತೆರಿಗೆಯ ಮರುಪಾವತಿ, ಫೋನಿನ ಸಂಪರ್ಕ, ಕೊನೆಗೆ ನಿದ್ರೆಯ ಹೊತ್ತು ಕೂಡ ಇಬ್ಬರಿಗೂ ಒಂದೇ ಆಗಿರುವುದಿಲ್ಲ. ಈ ವ್ಯತ್ಯಾಸಗಳನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡವರ ಪ್ರವಾಸ ಸಲೀಸಾಗಿ ಸಾಗುತ್ತದೆ; ತೆಗೆದುಕೊಳ್ಳದವರು ನಿಲ್ದಾಣದ ಕಿಟಕಿಯ ಮುಂದೆ ನಿಂತು ಚಡಪಡಿಸಬೇಕಾಗುತ್ತದೆ.

ದಿನಾಂಕ ಮತ್ತು ಉದ್ದೇಶ

ವಿಮಾನದ ಟಿಕೆಟ್ಟು ಕಾದಿರಿಸುವ ಮೊದಲೇ ಗೆಳೆಯರೊಡನೆ ಬಿಚ್ಚುಮನಸ್ಸಿನಿಂದ ಮಾತನಾಡಿರಿ. ಅವರು ನಿಮ್ಮನ್ನು ನೋಡಲೆಂದೇ ಬರುತ್ತಿದ್ದಾರೆಯೇ, ದೇಶ ನೋಡುವುದು ಮುಖ್ಯವಾಗಿ ನಿಮ್ಮ ಮನೆ ತಂಗುವುದಕ್ಕೆ ಅನುಕೂಲವೆಂದು ಬರುತ್ತಿದ್ದಾರೆಯೇ, ಅಥವಾ ಎರಡೂ ಉದ್ದೇಶಗಳಿವೆಯೇ ಎಂಬುದು ಈ ಮಾತಿನಲ್ಲಿ ತಿಳಿಯಬೇಕು. ಯಾವ ಉತ್ತರ ಬಂದರೂ ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಒಂದೊಂದಕ್ಕೂ ಬೇಕಾದ ಏರ್ಪಾಡು ಬೇರೆ. ನಿಮಗೆ ಎಷ್ಟು ದಿನ ರಜೆ ಸಿಗುತ್ತದೆ, ಯಾವ ದಿನಗಳಲ್ಲಿ ಕಚೇರಿಗೆ ಹೋಗಲೇಬೇಕು, ಮನೆಯಲ್ಲಿ ಎಷ್ಟು ಜನರಿಗೆ ಮಲಗಲು ಸ್ಥಳವಿದೆ ಎಂಬುದನ್ನು ಸಂಕೋಚವಿಲ್ಲದೆ ಹೇಳಿಬಿಡಿ. ಮನೆ ಚಿಕ್ಕದಾಗಿದ್ದರೆ ಹತ್ತಿರದ ಹೋಟೆಲಿನಲ್ಲಿ ಮಲಗಿ ಹಗಲೆಲ್ಲ ನಿಮ್ಮ ಮನೆಯಲ್ಲಿ ಕಳೆಯುವ ಏರ್ಪಾಡು ಸ್ನೇಹಕ್ಕೆ ಕೊರತೆಯಲ್ಲ. ಇಕ್ಕಟ್ಟಿನಲ್ಲಿ ಹತ್ತು ರಾತ್ರಿ ಕಳೆಯುವುದಕ್ಕಿಂತ ಅದೇ ಹಲವು ಬಾರಿ ಮೇಲು.

ರಜೆಯನ್ನು ಇಡೀ ಭೇಟಿಯುದ್ದಕ್ಕೂ ಚೂರುಚೂರಾಗಿ ಹಂಚುವುದಕ್ಕಿಂತ, ಗೆಳೆಯರು ಬಂದಿಳಿದ ದಿನಕ್ಕೆ ಒಂದಿಷ್ಟು ಮತ್ತು ಒಟ್ಟಾಗಿ ಹೋಗುವ ನಗರ ಪ್ರವಾಸಕ್ಕೆ ಉಳಿದದ್ದು ಎಂದು ಎರಡು ಕಡೆ ಗಟ್ಟಿಯಾಗಿ ಇಡುವುದು ಉತ್ತಮ. ನಡುವಿನ ದಿನಗಳಲ್ಲಿ ಅವರು ತಾವಾಗಿಯೇ ಓಡಾಡುವಂತೆ ಅಣಿಗೊಳಿಸಬೇಕು. ಪ್ರತಿದಿನ ಅರ್ಧ ಕೆಲಸ, ಅರ್ಧ ಸುತ್ತಾಟ ಎಂದು ಹೊರಟರೆ ಎರಡಕ್ಕೂ ನ್ಯಾಯ ಸಲ್ಲುವುದಿಲ್ಲ.

ಕಾಗದಪತ್ರಗಳು

ಈ ಭಾಗಕ್ಕೆ ಹೆಚ್ಚು ಸಮಯ ಕೊಡಬೇಕು, ಏಕೆಂದರೆ ಉಳಿದೆಲ್ಲ ತಪ್ಪುಗಳನ್ನು ಪ್ರವಾಸದ ನಡುವೆ ಸರಿಪಡಿಸಬಹುದು, ಇಲ್ಲಿ ಆದದ್ದನ್ನು ಮಾತ್ರ ಸರಿಪಡಿಸಲಾಗದು. ಯುರೋಪಿನ ಷೆಂಗೆನ್ ವಲಯವನ್ನೇ ತೆಗೆದುಕೊಳ್ಳೋಣ. ಒಂದೇ ವೀಸಾದಲ್ಲಿ ಸುತ್ತಬಹುದಾದ 29 ದೇಶಗಳ ಈ ವಲಯಕ್ಕೆ ಅಲ್ಪಾವಧಿ ವೀಸಾ ಬೇಕಾದವರು ಪ್ರಯಾಣಕ್ಕೆ ಆರು ತಿಂಗಳ ಮುಂಚೆಯಿಂದ ಅರ್ಜಿ ಸಲ್ಲಿಸಬಹುದು ಮತ್ತು ಕನಿಷ್ಠ 15 ದಿನ ಮುಂಚಿತವಾಗಿಯಾದರೂ ಸಲ್ಲಿಸಿರಬೇಕು. ಅರ್ಜಿಯ ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ ಹಿಡಿಯುತ್ತದೆ, ಕೆಲವು ಸಂದರ್ಭಗಳಲ್ಲಿ ಅದು 45 ದಿನಗಳವರೆಗೆ ಎಳೆಯಬಹುದು. ಅರ್ಜಿ ಹಾಕಬೇಕಾದದ್ದು ಹೆಚ್ಚು ದಿನ ಉಳಿಯುವ ದೇಶದ ದೂತಾವಾಸದಲ್ಲಿ. ಎರಡು ದೇಶಗಳಲ್ಲಿ ಸಮಾನ ದಿನಗಳಿದ್ದರೆ ಮೊದಲು ಪ್ರವೇಶಿಸುವ ದೇಶದ ದೂತಾವಾಸದಲ್ಲಿ. ಆದ್ದರಿಂದ ನಗರ ಪ್ರವಾಸಕ್ಕೆಂದು ಬೇರೊಂದು ದೇಶಕ್ಕೆ ಹೋಗುವ ಯೋಚನೆ ಇದ್ದರೆ ಅದನ್ನು ಅರ್ಜಿಯ ಹೊತ್ತಿಗೇ ನಿರ್ಧರಿಸಿರಬೇಕು. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆಯೂ, ಹಿಂದಿರುಗುವ ದಿನದಿಂದ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರುವ ಪಾಸ್‌ಪೋರ್ಟೂ ಬೇಕು.

ವೀಸಾದಲ್ಲಿ ಎಷ್ಟು ಬಾರಿ ಪ್ರವೇಶಿಸಲು ಅನುಮತಿಯಿದೆ ಎಂಬುದನ್ನು ಬಹಳ ಜನ ನೋಡುವುದೇ ಇಲ್ಲ. ಒಂದೇ ಪ್ರವೇಶದ ವೀಸಾ ಪಡೆದು ಪ್ಯಾರಿಸ್ಸಿನಲ್ಲಿ ನಿಮ್ಮ ಮನೆಗೆ ಬಂದಿಳಿದ ಗೆಳೆಯರು, ಬ್ರಿಟನ್ನಿನ ವೀಸಾ ಇದೆಯೆಂದು ನಿಮ್ಮೊಡನೆ ಎರಡು ದಿನ ಲಂಡನ್ನಿಗೆ ಹೋದರೆ, ಅಲ್ಲಿಂದ ಮರಳಿ ಪ್ಯಾರಿಸ್ಸಿಗೆ ಬರಲಾಗುವುದಿಲ್ಲ. ಬ್ರಿಟನ್ ಆಗಲಿ ಐರ್ಲೆಂಡ್ ಆಗಲಿ ಷೆಂಗೆನ್ ವಲಯದಲ್ಲಿಲ್ಲ. ಅಲ್ಲಿಗೆ ಹೋಗುವುದೆಂದರೆ ವಲಯದಿಂದ ಹೊರಬಿದ್ದಂತೆ. ಹೀಗಾಗಿ ವಲಯದ ಹೊರಗಿನ ನಗರ ಮನಸ್ಸಿನಲ್ಲಿದ್ದರೆ ಅರ್ಜಿಯಲ್ಲಿಯೇ ಹಲವು ಪ್ರವೇಶಗಳ ವೀಸಾ ಕೇಳಬೇಕು, ಸಿಗದಿದ್ದರೆ ವಲಯದೊಳಗಿನ ನಗರವನ್ನೇ ಆರಿಸಿಕೊಳ್ಳಬೇಕು.

ನಿಮ್ಮ ಸ್ವಂತ ಕಾಗದಗಳನ್ನೂ ಅಷ್ಟೇ ಎಚ್ಚರದಿಂದ ನೋಡಿಕೊಳ್ಳಿ, ಏಕೆಂದರೆ ಅಲ್ಲಿ ವರ್ಷಗಳಿಂದ ವಾಸವಾಗಿರುವವರು ತಮಗೆ ಯಾವ ಅಡ್ಡಿಯೂ ಇಲ್ಲವೆಂದು ನಂಬಿಬಿಡುತ್ತಾರೆ. ಷೆಂಗೆನ್ ದೇಶವೊಂದರ ವಾಸದ ಪರವಾನಗಿ ಇರುವವರು ಪಾಸ್‌ಪೋರ್ಟಿನೊಂದಿಗೆ ವಲಯದ ಇತರ ದೇಶಗಳಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಇರಬಹುದು, ಆದರೆ ಆ ಎರಡೂ ದಾಖಲೆಗಳು ಜೊತೆಯಲ್ಲಿರಬೇಕು ಮತ್ತು ಪರವಾನಗಿಯ ಅವಧಿ ಮುಗಿದಿರಬಾರದು. ಲಂಡನ್ನಿನಲ್ಲಿ ಉದ್ಯೋಗದ ವೀಸಾದ ಮೇಲೆ ಇರುವವರಿಗೆ ಪ್ಯಾರಿಸ್ಸಿಗೆ ಹೋಗಲು ವೀಸಾ ಬೇಕೇ ಬೇಡವೇ ಎಂಬುದು ಅವರ ರಾಷ್ಟ್ರೀಯತೆಯ ಮೇಲೆ ನಿಂತಿದೆ, ವಾಸದ ಮೇಲಲ್ಲ. ಸೌದಿ ಅರೇಬಿಯಾದಲ್ಲಿ ನೆಲೆಸಿರುವ ವಿದೇಶಿಯರು ಹೊರಗೆ ಹೋಗಿ ಮರಳಲು ನಿರ್ಗಮನ ಮತ್ತು ಮರುಪ್ರವೇಶದ ವೀಸಾ ಪಡೆದಿರಬೇಕು. ಜಪಾನಿನಲ್ಲಿ ಒಂದು ವರ್ಷದೊಳಗೆ ಹಿಂದಿರುಗುವ ನಿವಾಸಿಗಳಿಗೆ ವಿಶೇಷ ಮರುಪ್ರವೇಶದ ಸೌಲಭ್ಯವಿದೆ. ಹೊರಡುವಾಗ ವಿಮಾನ ನಿಲ್ದಾಣದಲ್ಲಿ ಕೊಡುವ ಚೀಟಿಯಲ್ಲಿ ಅದಕ್ಕೆ ಗುರುತು ಹಾಕುವುದನ್ನು ಮರೆತರೆ ವಾಸದ ಹಕ್ಕಿಗೇ ಕುತ್ತು ಬರುತ್ತದೆ.

ಗೆಳೆಯರು ನಿಮ್ಮ ಮನೆಯಲ್ಲಿ ತಂಗುವುದಕ್ಕೂ ಕೆಲವು ದೇಶಗಳಲ್ಲಿ ವಿಧಿಗಳಿವೆ. ಚೀನಾದಲ್ಲಿ ಖಾಸಗಿ ಮನೆಯಲ್ಲಿ ಉಳಿಯುವ ವಿದೇಶಿಯರು ಬಂದ 24 ಗಂಟೆಗಳೊಳಗೆ ಪೊಲೀಸರಲ್ಲಿ ನೋಂದಣಿ ಮಾಡಿಸಬೇಕು. ಇಟಲಿಯಲ್ಲಿ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಮನೆಯಲ್ಲಿ ಆಶ್ರಯ ಕೊಟ್ಟವರು 48 ಗಂಟೆಗಳೊಳಗೆ ಅದನ್ನು ಬರಹದಲ್ಲಿ ಅಧಿಕಾರಿಗಳಿಗೆ ತಿಳಿಸಬೇಕು. ಫ್ರಾನ್ಸಿನಲ್ಲಿ ಅತಿಥಿಯ ವಸತಿಗೆ ದಾಖಲೆಯಾಗಿ ಆತಿಥೇಯರು ಸ್ಥಳೀಯ ಪುರಭವನದಿಂದ ಪತ್ರ ಪಡೆದು ಮುಂಚೆಯೇ ಕಳುಹಿಸಿಕೊಡಬೇಕಾಗುತ್ತದೆ. ಬಾಡಿಗೆ ಮನೆಯಾದರೆ ಕರಾರನ್ನೊಮ್ಮೆ ತೆಗೆದು ಓದಿರಿ. ಅತಿಥಿಗಳು ಇಷ್ಟು ದಿನಕ್ಕಿಂತ ಹೆಚ್ಚು ಉಳಿದರೆ ಮಾಲೀಕರಿಗೆ ತಿಳಿಸಬೇಕೆಂಬ ಷರತ್ತು ಹಲವು ಕರಾರುಗಳಲ್ಲಿ ಇರುತ್ತದೆ.

ಮೊದಲ ಎರಡು ದಿನ

ದೂರದ ವಿಮಾನಯಾನ ಮುಗಿಸಿ ಬಂದವರನ್ನು ಆ ಸಂಜೆಯೇ ಊರು ಸುತ್ತಿಸಲು ಹೊರಡುವ ಉತ್ಸಾಹವನ್ನು ದಯವಿಟ್ಟು ತಡೆದುಕೊಳ್ಳಿ. ದೇಹದ ಒಳಗಡಿಯಾರ ಹೊಸ ಕಾಲಮಾನಕ್ಕೆ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಹೊಂದಿಕೊಳ್ಳುತ್ತದೆ. ಆ ಗಡಿಯಾರದ ಸಹಜ ಲಯ 24 ಗಂಟೆಗಳಿಗಿಂತ ತುಸು ಉದ್ದವಾಗಿರುವುದರಿಂದ ದಿನವನ್ನು ಹಿಗ್ಗಿಸುವುದು ಅದಕ್ಕೆ ಸುಲಭ, ಕುಗ್ಗಿಸುವುದು ಕಷ್ಟ. ಈ ಕಾರಣದಿಂದಲೇ ಪೂರ್ವಕ್ಕೆ ಪ್ರಯಾಣ ಮಾಡಿದವರು ಪಶ್ಚಿಮಕ್ಕೆ ಬಂದವರಿಗಿಂತ ಹೆಚ್ಚು ಬಳಲುತ್ತಾರೆ. ಪಶ್ಚಿಮಕ್ಕೆ ಬಂದ ಗೆಳೆಯರು ಸಂಜೆ ಬೇಗ ತೂಕಡಿಸಿ ನಸುಕಿನಲ್ಲೇ ಏಳುತ್ತಾರೆ, ಅವರಿಗೆ ಬೆಳಗಿನ ನಡಿಗೆ ಹಿತ. ಪೂರ್ವಕ್ಕೆ ಬಂದವರಿಗೆ ರಾತ್ರಿ ನಿದ್ರೆ ಹತ್ತುವುದಿಲ್ಲ, ಬೆಳಿಗ್ಗೆ ಕಣ್ಣು ತೆರೆಯುವುದಿಲ್ಲ. ಹಗಲಿನ ಬೆಳಕಿನಲ್ಲಿ ಹೊರಗಿರುವುದೇ ಹೊಂದಿಕೊಳ್ಳಲು ಅತ್ಯಂತ ನೆರವಾಗುತ್ತದೆ. ನಗರ ಪ್ರವಾಸವನ್ನು ಮೂರನೆಯ ಅಥವಾ ನಾಲ್ಕನೆಯ ದಿನಕ್ಕಿಂತ ಮೊದಲು ಇಟ್ಟುಕೊಳ್ಳಬಾರದೆಂದು ನಾನು ಹೇಳುವುದು ಇದೇ ಕಾರಣಕ್ಕೆ.

ಈ ಎರಡು ದಿನಗಳನ್ನು ಗೆಳೆಯರು ಸ್ವತಂತ್ರವಾಗಿ ಓಡಾಡುವಂತೆ ಮಾಡುವುದಕ್ಕೆ ಬಳಸಬೇಕು. ಅವರಿಗೆಂದೇ ಬೇರೆ ಕೀಲಿಕೈ ಮಾಡಿಸಿಟ್ಟಿರಿ. ಮನೆಯ ವಿಳಾಸವನ್ನು ಸ್ಥಳೀಯ ಲಿಪಿಯಲ್ಲಿ ಬರೆದ ಚೀಟಿಯನ್ನು ಕೈಗೆ ಕೊಡಿ, ಏಕೆಂದರೆ ಫೋನಿನ ಚಾರ್ಜು ಮುಗಿದಾಗ ಕಾಗದವೇ ಗತಿ. ಬಸ್ಸು ಅಥವಾ ಮೆಟ್ರೋದಲ್ಲಿ ಒಮ್ಮೆ ಜೊತೆಯಲ್ಲಿ ಹೋಗಿ, ಮರಳುವಾಗ ದಾರಿ ತೋರಿಸುವ ಹೊಣೆಯನ್ನು ಅವರಿಗೇ ಬಿಡಿ. ಒಂದೇ ಸಲ ಹೀಗೆ ಮಾಡಿದರೂ ಅವರಲ್ಲಿ ಮೂಡುವ ಧೈರ್ಯ ಹತ್ತು ಸೂಚನೆಗಳಿಂದ ಮೂಡುವುದಿಲ್ಲ. ತುರ್ತು ಕರೆಯ ಸಂಖ್ಯೆಯನ್ನು ಅವರ ಫೋನಿನಲ್ಲಿ ಉಳಿಸಿಡಿ: ಐರೋಪ್ಯ ಒಕ್ಕೂಟದಾದ್ಯಂತ 112, ಅಮೆರಿಕ ಮತ್ತು ಕೆನಡಾದಲ್ಲಿ 911, ಬ್ರಿಟನ್ನಿನಲ್ಲಿ 999. ಬಾಗಿಲಿನ ಬೀಗ, ಒಲೆ, ಬಿಸಿನೀರು, ಕಸ ಬೇರ್ಪಡಿಸುವ ಕ್ರಮ, ನೆರೆಯವರಿಗೆ ತೊಂದರೆಯಾಗದಂತೆ ಸದ್ದು ತಗ್ಗಿಸಬೇಕಾದ ಹೊತ್ತು ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯಲ್ಲಿ ಅಂಟಿಸಿದರೆ ಸಾಕು.

ಯಾವ ನಗರಕ್ಕೆ ಹೋಗಬೇಕು

ನೀವು ಹಲವು ಸಲ ನೋಡಿ ಬಂದ ನಗರಕ್ಕಿಂತ, ನೀವೂ ನೋಡದೆ ಇರುವ ನಗರವನ್ನು ಆರಿಸಿಕೊಳ್ಳಿ ಎಂಬುದು ನನ್ನ ದೃಢವಾದ ಸಲಹೆ. ನಿಮ್ಮ ಊರಿನಲ್ಲಿ ಇಡೀ ದಿನ ದಾರಿ ತೋರಿಸುವವರು, ಭಾಷಾಂತರಿಸುವವರು, ಹಣ ಎಣಿಸುವವರು, ಅಡುಗೆ ಮಾಡುವವರು ಎಲ್ಲವೂ ನೀವೇ. ಗೆಳೆಯರು ಕೈಕಟ್ಟಿ ಹಿಂದೆ ಬರುತ್ತಾರೆ, ಅದು ಅವರಿಗೂ ಮುಜುಗರ. ಇಬ್ಬರಿಗೂ ಹೊಸದಾದ ಊರಿನಲ್ಲಿ ನಕ್ಷೆ ಯಾರ ಕೈಯಲ್ಲಾದರೂ ಇರಬಹುದು, ದಾರಿ ತಪ್ಪಿದರೆ ಎಲ್ಲರೂ ಒಟ್ಟಿಗೆ ತಪ್ಪುತ್ತೀರಿ, ಬೆರಗೂ ಒಟ್ಟಿಗೇ ಆಗುತ್ತದೆ. ದೂರದಲ್ಲಿ ನೆಲೆಸಿದವರಿಗೆ ಹಳೆಯ ಗೆಳೆತನ ಬೇಕೆನಿಸುವುದು ಹೀಗೆ ಸರಿಸಮನಾಗಿ ನಡೆಯುವುದಕ್ಕಾಗಿಯೇ. ಅದು ಆತಿಥೇಯ ಮತ್ತು ಅತಿಥಿ ಎಂಬ ಸಂಬಂಧದೊಳಗೆ ಸಿಕ್ಕಿಹಾಕಿಕೊಂಡು ಬಿಟ್ಟರೆ, ಇಷ್ಟು ದೂರ ಬಂದವರೊಡನೆ ನಾಲ್ಕು ಮಾತು ಮನಬಿಚ್ಚಿ ಆಡಲೂ ಸಮಯ ಸಿಗುವುದಿಲ್ಲ.

ದೂರದ ವಿಷಯದಲ್ಲಿ ಮನೆಯ ಬಾಗಿಲಿನಿಂದ ಹೋಟೆಲಿನ ಬಾಗಿಲಿನವರೆಗಿನ ಒಟ್ಟು ಸಮಯವನ್ನು ಎಣಿಸಬೇಕು. ಎರಡು ರಾತ್ರಿಯ ಪ್ರವಾಸಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಹಿಡಿಯುವ ಊರು ಬೇಡ. ಒಂದು ಗಂಟೆಯ ವಿಮಾನವೂ ನಿಲ್ದಾಣದ ಹಾದಿ, ತಪಾಸಣೆ, ಕಾಯುವಿಕೆ ಸೇರಿದರೆ ಅರ್ಧ ದಿನ ನುಂಗುತ್ತದೆ, ರೈಲು ಹೆಚ್ಚಾಗಿ ನಗರದ ನಡುವಿನಲ್ಲೇ ಇಳಿಸುತ್ತದೆ. ಪ್ಯಾರಿಸ್ಸಿನಿಂದ ಬ್ರಸೆಲ್ಸಿಗೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆಗಿಂತ ಕಡಿಮೆ, ಟೋಕಿಯೋದಿಂದ ಕ್ಯೋಟೋಗೆ ಎರಡೂಕಾಲು ಗಂಟೆಯ ಆಸುಪಾಸು.

ವಾರದ ದಿನಗಳನ್ನೂ ನೋಡಬೇಕು. ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯಕ್ಕೆ ಮಂಗಳವಾರ ರಜೆ, ಅದೇ ನಗರದ ಓರ್ಸೆಗೆ ಮತ್ತು ಫ್ಲಾರೆನ್ಸಿನ ಉಫಿಝಿಗೆ ಸೋಮವಾರ. ವ್ಯಾಟಿಕನ್ ವಸ್ತುಸಂಗ್ರಹಾಲಯಗಳು ತಿಂಗಳ ಕೊನೆಯ ಭಾನುವಾರ ಬಿಟ್ಟರೆ ಉಳಿದ ಭಾನುವಾರಗಳಲ್ಲಿ ಮುಚ್ಚಿರುತ್ತವೆ. ಜರ್ಮನಿಯಲ್ಲಿ ಭಾನುವಾರ ಬಹುತೇಕ ಅಂಗಡಿಗಳು ಕಾನೂನಿನ ಪ್ರಕಾರವೇ ತೆರೆಯುವುದಿಲ್ಲ. ಗೆಳೆಯರು ಒಂದೇ ಒಂದು ಸ್ಥಳಕ್ಕಾಗಿ ಒಂದು ನಗರವನ್ನು ಬಯಸುತ್ತಿದ್ದರೆ, ಹೋಟೆಲ್ ಕಾದಿರಿಸುವುದಕ್ಕಿಂತ ಮೊದಲು ಆ ಸ್ಥಳದ ಟಿಕೆಟ್ಟು ಕೈಗೆ ಬರಬೇಕು. ಆಮ್‌ಸ್ಟರ್‌ಡ್ಯಾಮಿನ ಆನ್ ಫ್ರಾಂಕ್ ಮನೆಯ ಟಿಕೆಟ್ಟುಗಳು ಜಾಲತಾಣದಲ್ಲಿ ಮಾತ್ರ ಸಿಗುತ್ತವೆ; ಪ್ರತಿ ಮಂಗಳವಾರ, ಆರು ವಾರಗಳ ನಂತರದ ಭೇಟಿಗೆ ಬಿಡುಗಡೆಯಾಗುತ್ತವೆ. ಸ್ಪೇನಿನ ಗ್ರನಾಡದಲ್ಲಿರುವ ಅಲ್ಹಂಬ್ರ ಕೋಟೆಯಲ್ಲಿ ಟಿಕೆಟ್ಟಿನ ಮೇಲೆ ಹೆಸರಿರುತ್ತದೆ, ಪಾಸ್‌ಪೋರ್ಟ್ ತೋರಿಸಬೇಕು, ಅದರೊಳಗಿನ ನಸ್ರಿದ್ ಅರಮನೆಗಳಿಗೆ ಗೊತ್ತುಪಡಿಸಿದ ಸಮಯಕ್ಕೇ ಹೋಗಬೇಕು. ಮಿಲಾನಿನಲ್ಲಿ ಲಿಯೊನಾರ್ಡೊ ಡ ವಿಂಚಿಯ ‘ಕೊನೆಯ ಭೋಜನ’ದ ಭಿತ್ತಿಚಿತ್ರದ ಮುಂದೆ ಒಂದು ಗುಂಪಿಗೆ ದೊರೆಯುವುದು 15 ನಿಮಿಷ ಮಾತ್ರ, ತಡವಾಗಿ ಬಂದವರ ಪಾಳಿ ತಪ್ಪಿಹೋಗುತ್ತದೆ. ವೆನಿಸ್ಸಿನಲ್ಲಿ 2024ರ ಏಪ್ರಿಲ್ 25ರಿಂದ, ರಾತ್ರಿ ತಂಗದೆ ಹಗಲಿಗೆ ಮಾತ್ರ ಬಂದು ಹೋಗುವವರಿಗೆ ನಿಗದಿತ ದಿನಗಳಲ್ಲಿ ಪ್ರವೇಶ ಶುಲ್ಕವಿದೆ.

ಒಟ್ಟಿಗೆ ಪ್ರಯಾಣ, ಬೇರೆ ಬೇರೆ ಟಿಕೆಟ್ಟು

ಟಿಕೆಟ್ಟು ಖರೀದಿಸುವಾಗ ‘ನಾಲ್ಕು ಜನರಿಗೆ ಒಂದೇ ಬಗೆಯದು’ ಎಂದು ಒತ್ತಿಬಿಡಬೇಡಿ. ಜಪಾನಿನಾದ್ಯಂತ ಚಲಿಸುವ ಜಪಾನ್ ರೈಲ್ ಪಾಸ್ ವಿದೇಶಿ ಪಾಸ್‌ಪೋರ್ಟಿನ ಮೇಲೆ ಅಲ್ಪಾವಧಿಗೆ ಬಂದ ಸಂದರ್ಶಕರಿಗೆ ಸಿಗುತ್ತದೆ, ಅಲ್ಲಿ ಉದ್ಯೋಗದಲ್ಲಿರುವ ವಿದೇಶಿಯರಿಗೆ ಸಿಗುವುದಿಲ್ಲ. ಮೇಲಾಗಿ ಆ ಪಾಸಿನಲ್ಲಿ ಅತಿವೇಗದ ನೊಝೋಮಿ ರೈಲು ಹತ್ತಲು ಹೆಚ್ಚುವರಿ ಹಣ ಕಟ್ಟಬೇಕು; ಆದ್ದರಿಂದ ಗೆಳೆಯರು ಅದಕ್ಕಿಂತ ತುಸು ನಿಧಾನದ ಹಿಕಾರಿ ರೈಲಿನಲ್ಲಿ ಹೋಗುವುದಾದರೆ ನೀವೂ ಹಿಕಾರಿಗೇ ಸಾಮಾನ್ಯ ಟಿಕೆಟ್ಟು ಕೊಂಡು ಪಕ್ಕದ ಆಸನ ಕಾದಿರಿಸಿಕೊಳ್ಳಬೇಕು. ಯುರೋಪಿನಲ್ಲಿ ಇಂಟರ್‌ರೈಲ್ ಪಾಸು ಯುರೋಪಿನ ನಿವಾಸಿಗಳಿಗೆ, ಯುರೈಲ್ ಪಾಸು ಹೊರಗಿನಿಂದ ಬಂದವರಿಗೆ. ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದಾದರೂ ನೀವು ಅಲ್ಲಿನ ಕಾಯಂ ವಾಸಿಯಾದರೆ ಕೊಳ್ಳಬೇಕಾದದ್ದು ಇಂಟರ್‌ರೈಲ್. ಅದರಲ್ಲಿ ನೀವು ವಾಸಿಸುವ ದೇಶದೊಳಗೆ ಹೊರಡಲು ಒಮ್ಮೆ, ಮರಳಲು ಒಮ್ಮೆ ಮಾತ್ರ ಪ್ರಯಾಣಿಸಬಹುದು.

ಕೆಲವೆಡೆ ಅನುಕೂಲ ನಿಮ್ಮ ಪಾಲಿಗೆ ಇರುತ್ತದೆ. ಲೂವ್ರ್‌ನಲ್ಲಿ ಐರೋಪ್ಯ ಆರ್ಥಿಕ ವಲಯದಲ್ಲಿ (ಐರೋಪ್ಯ ಒಕ್ಕೂಟದ ದೇಶಗಳು ಮತ್ತು ನಾರ್ವೆ, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್) ವಾಸಿಸುವ 18ರಿಂದ 25 ವರ್ಷದವರಿಗೆ ಪ್ರವೇಶ ಉಚಿತ, ವಾಸದ ಪರವಾನಗಿ ಜೊತೆಯಲ್ಲಿದ್ದರೆ ಸಾಕು. ಅದೇ ವಯಸ್ಸಿನ ನಿಮ್ಮ ಗೆಳೆಯರು ಹಣ ಕೊಡಬೇಕು. ಕೊಂಡ ವಸ್ತುಗಳ ಮೇಲಿನ ಮೌಲ್ಯವರ್ಧಿತ ತೆರಿಗೆಯ ವಿಷಯದಲ್ಲಿ ಇದಕ್ಕೆ ತಿರುಗುಮುರುಗು. ಐರೋಪ್ಯ ಒಕ್ಕೂಟದ ಹೊರಗೆ ವಾಸಿಸುವವರಿಗೆ ಮಾತ್ರ ಮರುಪಾವತಿ ಸಿಗುವುದರಿಂದ, ಬೆಲೆಬಾಳುವ ಉಡುಗೊರೆಗಳನ್ನು ಗೆಳೆಯರು ತಮ್ಮ ಪಾಸ್‌ಪೋರ್ಟ್ ತೋರಿಸಿ ತಮ್ಮ ಹೆಸರಿನಲ್ಲೇ ಕೊಳ್ಳಬೇಕು, ಅಂಗಡಿಯಲ್ಲಿ ಅದರ ಅರ್ಜಿ ಕೇಳಿ ಪಡೆಯಬೇಕು ಮತ್ತು ಒಕ್ಕೂಟವನ್ನು ಬಿಡುವ ಕೊನೆಯ ವಿಮಾನ ನಿಲ್ದಾಣದಲ್ಲಿ ಸುಂಕದವರ ಅನುಮೋದನೆ ಮಾಡಿಸಬೇಕು. ಪ್ರೀತಿಯಿಂದ ನೀವೇ ಮುಂದಾಗಿ ನಿಮ್ಮ ಹೆಸರಿನಲ್ಲಿ ಬಿಲ್ಲು ಮಾಡಿಸಿದರೆ ಆ ಹಣ ಯಾರಿಗೂ ಬಾರದು.

ಫೋನಿನ ಮಾತೂ ಹೀಗೆಯೇ. 2017ರ ಜೂನ್‌ನಿಂದ ಐರೋಪ್ಯ ಒಕ್ಕೂಟದೊಳಗೆ ಅಲ್ಲಿನ ಸಿಮ್ ಹೆಚ್ಚುವರಿ ರೋಮಿಂಗ್ ಶುಲ್ಕವಿಲ್ಲದೆ ನಡೆಯುತ್ತದೆ, ಆದರೆ ಗೆಳೆಯರು ತಂದ ಸಿಮ್‌ಗೆ ಆ ಅನುಕೂಲವಿಲ್ಲ, ಸ್ವಿಟ್ಸರ್ಲೆಂಡಿಗೆ ಆ ನಿಯಮ ಅನ್ವಯಿಸುವುದೂ ಇಲ್ಲ. ಲಂಡನ್ನಿನಲ್ಲಿ ಬ್ಯಾಂಕ್ ಕಾರ್ಡನ್ನು ತಾಗಿಸಿ ಬಸ್ಸು, ಮೆಟ್ರೋ ಹತ್ತಬಹುದು. ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ಹಣ ಕಡಿತವಾಗದಂತೆ ಇರುವ ಗರಿಷ್ಠ ಮಿತಿಯ ಲಾಭ ಸಿಗಬೇಕಾದರೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಕಾರ್ಡ್ ಇರಬೇಕು ಮತ್ತು ಮೆಟ್ರೋದಲ್ಲಿ ಹತ್ತುವಾಗಲೂ ಇಳಿಯುವಾಗಲೂ, ಬಸ್ಸಿನಲ್ಲಿ ಹತ್ತುವಾಗ ಮಾತ್ರ, ಅದೇ ಕಾರ್ಡನ್ನು ತಾಗಿಸಬೇಕು. ಇಟಲಿಯ ಪ್ರಾದೇಶಿಕ ರೈಲುಗಳಲ್ಲಿ ಕಾಗದದ ಟಿಕೆಟ್ಟಿಗೆ ಹತ್ತುವ ಮುನ್ನ ಯಂತ್ರದಲ್ಲಿ ಮುದ್ರೆ ಹಾಕಿಸದಿದ್ದರೆ ದಂಡ ಬೀಳುತ್ತದೆ. ಷೆಂಗೆನ್ ಗಡಿಗಳಲ್ಲಿ 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಆರಂಭವಾದ ಹೊಸ ವ್ಯವಸ್ಥೆಯಂತೆ ಸಂದರ್ಶಕರ ಬೆರಳಚ್ಚು ಮತ್ತು ಮುಖಚಿತ್ರ ಪಡೆಯುತ್ತಾರೆ, ವಾಸದ ಪರವಾನಗಿ ಇರುವವರಿಗೆ ಅದರಿಂದ ವಿನಾಯಿತಿ ಇದೆ. ಆದ್ದರಿಂದ ಗಡಿಯಲ್ಲಿ ನೀವು ಬೇಗ ಹೊರಬಂದು ಗೆಳೆಯರಿಗಾಗಿ ಕಾಯಬೇಕಾದೀತು. ಎಲ್ಲಿ ಕಾಯುತ್ತೀರೆಂಬುದನ್ನು ಸಾಲಿಗೆ ನಿಲ್ಲುವ ಮೊದಲೇ ಹೇಳಿಟ್ಟಿರಿ.

ನಗರದೊಳಗೆ

ದಿನಕ್ಕೆ ಸಮಯ ಗೊತ್ತುಮಾಡಿದ ಕಾರ್ಯಕ್ರಮ ಒಂದೇ ಇರಲಿ, ಅದು ಬೆಳಿಗ್ಗೆ ಇದ್ದರೆ ಇನ್ನೂ ಒಳ್ಳೆಯದು. ಉಳಿದ ಹೊತ್ತನ್ನು ಒಂದೇ ಬಡಾವಣೆಯ ಸುತ್ತ ನಡೆದಾಡಲು ಬಿಡಿ. ಮಧ್ಯಾಹ್ನದ ನಂತರ ಎರಡು ಗಂಟೆ ಎಲ್ಲರೂ ತಮಗೆ ಬೇಕಾದಲ್ಲಿಗೆ ಹೋಗಲಿ; ಒಬ್ಬರಿಗೆ ಚಿತ್ರಶಾಲೆ, ಇನ್ನೊಬ್ಬರಿಗೆ ನದಿಯ ದಂಡೆ, ಮತ್ತೊಬ್ಬರಿಗೆ ಹೋಟೆಲಿನ ಹಾಸಿಗೆ ಬೇಕಾಗಿರಬಹುದು. ಮತ್ತೆ ಸೇರುವ ಸ್ಥಳ ಫೋನಿಲ್ಲದೆಯೂ ಗುರುತಿಸುವಂಥದ್ದಾಗಿರಬೇಕು, ದೊಡ್ಡ ಚೌಕಗಳಾದರೆ ಯಾವ ಮೂಲೆ ಎಂಬುದನ್ನೂ ನಿರ್ದಿಷ್ಟವಾಗಿ ಹೇಳಬೇಕು. ಹೀಗೆ ಬಿಡಿಬಿಡಿಯಾಗಿ ಕಳೆದ ಎರಡು ಗಂಟೆಗಳ ನಂತರ ಸಂಜೆಯ ಊಟಕ್ಕೆ ಕುಳಿತಾಗ ಪ್ರತಿಯೊಬ್ಬರ ಬಳಿಯೂ ಹೇಳಲು ಹೊಸದೇನಾದರೂ ಇರುತ್ತದೆ. ಹಿರಿಯರು ಅಥವಾ ಮಕ್ಕಳು ಜೊತೆಯಲ್ಲಿದ್ದರೆ ನಡಿಗೆಯ ದೂರವನ್ನು ಅವರ ಶಕ್ತಿಗೆ ತಕ್ಕಂತೆ ಅಳೆಯಬೇಕು, ಕುಳಿತುಕೊಳ್ಳುವ ಜಾಗಗಳನ್ನು ಮೊದಲೇ ನೋಡಿಟ್ಟುಕೊಳ್ಳಬೇಕು.

ಖರ್ಚಿನ ವಿಷಯವನ್ನು ಹೊರಡುವ ಮುನ್ನವೇ ಇತ್ಯರ್ಥ ಮಾಡಿಕೊಳ್ಳುವುದು ಗೆಳೆತನಕ್ಕೆ ಕ್ಷೇಮ. ಮನೆಯಲ್ಲಿದ್ದಷ್ಟು ದಿನ ಆತಿಥ್ಯ ನಿಮ್ಮದು, ಪ್ರವಾಸದ ಖರ್ಚು ಎಲ್ಲರದೂ ಎಂಬ ಗೆರೆ ಸ್ಪಷ್ಟವಾಗಿರಲಿ. ಪರದೇಶದಲ್ಲಿ ದುಡಿಯುವವರ ಬಳಿ ಹಣಕ್ಕೆ ಕೊರತೆಯಿಲ್ಲ ಎಂಬ ಭಾವನೆ ಒಂದು ಕಡೆ, ದೂರದಿಂದ ಬಂದವರ ಕೈಯಿಂದ ಖರ್ಚು ಮಾಡಿಸಬಾರದೆಂಬ ಸಂಕೋಚ ಇನ್ನೊಂದು ಕಡೆ ಇರುವುದರಿಂದ, ಬಾಯಿಬಿಟ್ಟು ಹೇಳದೆ ಇದು ಬಗೆಹರಿಯುವುದಿಲ್ಲ. ಎಲ್ಲರೂ ಸಮನಾಗಿ ಹಾಕಿದ ಒಂದು ಮೊತ್ತದಿಂದ ಊಟ, ಬಸ್ಸು, ಟಿಕೆಟ್ಟುಗಳಿಗೆ ಕೊಡುತ್ತ ಹೋಗುವುದು ಎಲ್ಲಕ್ಕಿಂತ ಸರಳ. ಹೋಟೆಲಿನಲ್ಲಿ ರಾತ್ರಿಗಿಷ್ಟು ಎಂದು ವಿಧಿಸುವ ನಗರ ತೆರಿಗೆ ಹಲವೊಮ್ಮೆ ಕಾದಿರಿಸುವಾಗಿನ ಬೆಲೆಯಲ್ಲಿ ಸೇರಿರುವುದಿಲ್ಲ, ಅದನ್ನೂ ಈ ಮೊತ್ತದಲ್ಲಿ ಹಿಡಿದಿಡಿ. ಕಾರ್ಡಿನ ಯಂತ್ರ ‘ನಿಮ್ಮ ದೇಶದ ಹಣದಲ್ಲಿ ಪಾವತಿಸುವಿರಾ’ ಎಂದು ಕೇಳಿದಾಗ ಸ್ಥಳೀಯ ಹಣವನ್ನೇ ಆರಿಸಲು ಗೆಳೆಯರಿಗೆ ತಿಳಿಸಿ. ಇನ್ನೊಂದನ್ನು ಒತ್ತಿದರೆ ವಿನಿಮಯದ ದರ ಸಾಮಾನ್ಯವಾಗಿ ನಷ್ಟದ್ದೇ ಆಗಿರುತ್ತದೆ.

ಮರಳಿದ ಮೇಲೆ

ನಗರ ಪ್ರವಾಸ ಮುಗಿದ ಮರುದಿನವೇ ಗೆಳೆಯರ ವಿಮಾನ ಇರದಂತೆ ನೋಡಿಕೊಳ್ಳಿ. ನಡುವೆ ಒಂದು ಇಡೀ ದಿನ ಮನೆಯಲ್ಲಿ ಸಿಕ್ಕರೆ ಬಟ್ಟೆ ಒಗೆದು ಒಣಗಿಸಬಹುದು, ಪೆಟ್ಟಿಗೆ ತೂಗಿ ನೋಡಬಹುದು, ತೆರಿಗೆಯ ಅರ್ಜಿಗಳನ್ನು ತುಂಬಬಹುದು, ಬಾಕಿಯಿರುವ ಲೆಕ್ಕವನ್ನು ಚುಕ್ತಾ ಮಾಡಬಹುದು. ತೆರಿಗೆ ಮರುಪಾವತಿಯ ಸಾಮಾನುಗಳನ್ನು ಸುಂಕದವರು ತೋರಿಸಲು ಕೇಳಬಹುದಾದ್ದರಿಂದ ಅವನ್ನು ಪೆಟ್ಟಿಗೆಯ ತಳದಲ್ಲಿ ಇಡಬಾರದು, ನಿಲ್ದಾಣಕ್ಕೂ ಒಂದು ಗಂಟೆ ಮುಂಚೆಯೇ ಹೊರಡಬೇಕು.

ನಿಮ್ಮ ರಜೆಯಲ್ಲೂ ಅರ್ಧ ದಿನವನ್ನು ಅವರು ಹೋದ ನಂತರಕ್ಕೆ ಉಳಿಸಿಕೊಳ್ಳಿ. ನಿಲ್ದಾಣದಿಂದ ನೇರವಾಗಿ ಕಚೇರಿಗೆ ಹೋಗುವವರು, ಅಷ್ಟು ದಿನ ಮಾತು ತುಂಬಿದ್ದ ಮನೆಗೆ ಸಂಜೆ ದಣಿದು ಹಿಂದಿರುಗಿದಾಗ ಆ ಖಾಲಿತನ ಬಹಳ ಭಾರವೆನಿಸುತ್ತದೆ. ಮುಂದಿನ ಭೇಟಿ ಎಲ್ಲಿ, ಸುಮಾರು ಯಾವ ತಿಂಗಳಲ್ಲಿ ಎಂಬುದನ್ನು ಗೆಳೆಯರು ಇನ್ನೂ ಜೊತೆಯಲ್ಲಿರುವಾಗಲೇ ಮಾತನಾಡಿ ನಿಶ್ಚಯಿಸಿಕೊಳ್ಳುವುದು ಇದಕ್ಕೆ ಒಳ್ಳೆಯ ಉಪಾಯ. ಆ ಬಾರಿ ಅವರೂ ನೀವೂ ನಡುವಿನ ಮೂರನೆಯ ನಗರವೊಂದಕ್ಕೆ ನೇರವಾಗಿ ಬಂದು ಸೇರಬಹುದು. ಹಾಗಾದಾಗ ಇಬ್ಬರೂ ಅಲ್ಲಿ ಸಂದರ್ಶಕರೇ ಆಗಿರುವುದರಿಂದ, ಆ ದೇಶದ ವೀಸಾ ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದೊಂದನ್ನು ಮಾತ್ರ ಮೊದಲು ನೋಡಿಕೊಂಡರೆ ಸಾಕು.